ಗಿರಣಿ ಮುಂದೆ ಐವತ್ತು ನಿಮಿಷ

ಉಜ್ಜಿನಿ ದಾಟಿ ಎರಡು ಮೈಲಿ ಬಂದ ಮೇಲೆ ಮೋಟಾರ್ ಸೈಕಲ್ಲು ಎರಡು ಸಲ ಕೆಮ್ಮಿತು. ಹುಲುಗಣ್ಣ ಬಲಗೈ ತಿರುವಿ ಜೋರು ಕೊಟ್ಟ. ಗಾಡಿ ಒಮ್ಮೆ ಮುಂದಕ್ಕೆ ಜಿಗಿದು, ಆಮೇಲೆ ಬರೀ ಗಾಲಿ ಉರುಳುವ ಸದ್ದು ಉಳಿಸಿಕೊಂಡು ರಸ್ತೆ ಬದಿಗೆ ನಿಂತಿತು. ಹಿಂದೆ ಕೂತಿದ್ದ ನರ್ಸ್ ಅಂಜಿನಕ್ಕ ಔಷಧದ ಚೀಲವನ್ನು ಎದೆಗೆ ಒತ್ತಿಕೊಂಡೇ ಕೆಳಗಿಳಿದಳು.

“ಏನಾತು?”

“ಪೆಟ್ರೋಲ್ ಮುಗೀತ್ರಿ ಅಕ್ಕಾ. ಅಗಾ, ಗಿರಣಿ ಕಾಣತೈತಿ ನೋಡ್ರಿ. ಅಲ್ಲಿ ಸಿಗತೈತಿ. ಹೆದರಬ್ಯಾಡ್ರಿ.”

ಹೆದರಬೇಡಿ ಅಂದವನ ತುಟಿಯೇ ಒಣಗಿತ್ತು. ಗಾಡಿಯ ಕಿವಿ ಹಿಡಿದು ಅವನು ತಳ್ಳತೊಡಗಿದ. ಅಂಜಿನಕ್ಕ ಚೀಲವನ್ನು ಹೆಗಲಿಗೇರಿಸಿ, ಸೆರಗು ಸಿಕ್ಕಿಸಿ, ಹಿಂದಿನಿಂದ ಕೈ ಹಚ್ಚಿದಳು.

ಅದು ಎಂಬತ್ತೊಂದರ ಫೆಬ್ರವರಿ. ಹೊಲಗಳಲ್ಲಿ ಜೋಳದ ಕೂಳೆ ಬಿಟ್ಟರೆ ಏನೂ ಇರಲಿಲ್ಲ. ಹುಲುಗಣ್ಣ ರಸ್ತೆ ಕೆಲಸದ ಗ್ಯಾಂಗ್‌ಮನ್, ಇಪ್ಪತ್ತಾರರ ಹುಡುಗ. ಅವನ ಹೆಂಡತಿ ಎರ್ರೆಮ್ಮ ಅವತ್ತು ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಗಿರಣಿಯಿಂದ ಐದು ಮೈಲಿ ಆಚೆಗಿದ್ದ ಬಂಡಿಹಟ್ಟಿಯಲ್ಲಿ ಹೆಣ್ಣು ಮಗು ಹೆತ್ತಿದ್ದಳು. ಮಗು ಗಟ್ಟಿಯಾಗಿತ್ತು, ಹುಟ್ಟಿದ ತಕ್ಷಣ ಅತ್ತಿತ್ತು. ಆದರೆ ಮಗುವಿನ ಹಿಂದೆ ಬರಬೇಕಾದ ಮಾಸು ಬೀಳಲಿಲ್ಲ. ಸೂಲಗಿತ್ತಿ ಓಬಮ್ಮ ಒಂದು ತಾಸು ಕಾದಳು. ಹೊಟ್ಟೆ ತಿಕ್ಕಿದಳು. ಬಾಣಂತಿಯ ಬಾಯಿಗೆ ಅವಳದೇ ಜಡೆಯ ತುದಿ ತುರುಕಿ ಓಕರಿಕೆ ಬರಿಸಿ ನೋಡಿದಳು. ಮಾಸು ಒಳಗೇ ಕೂತಿತ್ತು. ರಕ್ತ ಮಾತ್ರ ಹೊರಗೆ ಬರುತ್ತಲೇ ಇತ್ತು. ಹಾಸಿದ ಹಳೆಯ ಸೀರೆ ಮೂರನೆಯದಕ್ಕೆ ಬಂದಾಗ ಓಬಮ್ಮ ಹೊರಗೆ ಬಂದು, “ಹುಲುಗಾ, ಇನ್ನ ನನ್ನ ಕೈಲೆ ಆಗಂಗಿಲ್ಲ. ಅರಸೀಕೆರಿ ನರ್ಸಕ್ಕನ ಕರಕೊಂಡು ಬಾ, ಓಡು” ಅಂದಿದ್ದಳು.

ಅವನು ಓಡಿದ್ದ. ಓಡಲಾಗದ ಕಡೆ ನಡೆದಿದ್ದ. ಏಳು ಮೈಲಿ ದಾಟಿ ಉಜ್ಜಿನಿ ಮುಟ್ಟುವಾಗ ಹನ್ನೆರಡು ದಾಟಿತ್ತು. ಅಲ್ಲಿ ಗ್ರಾಮಸೇವಕ ಓಬಳೇಶಪ್ಪನವರ ಮನೆ. ಅವರ ಹಳೆಯ ಬುಲೆಟ್ಟನ್ನು ಹುಲುಗಣ್ಣ ಎಷ್ಟೋ ಸಲ ತೊಳೆದಿದ್ದ, ಅದರ ಮೇಲೆಯೇ ಓಡಿಸುವುದನ್ನೂ ಕಲಿತಿದ್ದ. ಓಬಳೇಶಪ್ಪನವರು ಕಾಲು ಮುರಿದುಕೊಂಡು ಐದು ತಿಂಗಳಿಂದ ಮಂಚ ಹಿಡಿದಿದ್ದರು. ಗಾಡಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಟ್ಟು ಹೊದ್ದು ನಿಂತಿತ್ತು. ಅವರು ಎರಡನೇ ಮಾತಾಡದೆ ದಾರಕ್ಕೆ ಕಟ್ಟಿದ ಸಣ್ಣ ಕೀಲಿಯನ್ನು ಕೊಟ್ಟರು.

“ಟಾಕಿ ಮುಚ್ಚಳದ್ದು. ಯಾರೋ ಪೆಟ್ರೋಲ್ ಕದೀತಿದ್ರಂತ ಬೀಗದ ಮುಚ್ಚಳ ಹಾಕ್ಸೀನಿ. ಇರೋದು ಅದೊಂದ ಕೀಲಿ. ಅರಸೀಕೆರಿಗೆ ಹೋಗಿ ಗಿರಣಿ ತನಕ ಬರಾಕ ಆಗತೈತಿ ಒಳಗಿರೋದು. ಗಿರಣಿ ದೊಡ್ಡಬೀರಪ್ಪ ಎಂಜಿನ್ ಚಾಲೂ ಮಾಡಾಕ ಒಂದು ಬಾಟ್ಲಿ ಇಟ್ಟಿರತಾನ. ನನ್ನ ಹೆಸರು ಹೇಳು.”

ಅರಸೀಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ. ಜೀಪು ತಗೊಂಡು ಹರಪನಹಳ್ಳಿಯ ಕ್ಯಾಂಪಿಗೆ ಹೋಗಿದ್ದರು. ಅಂಜಿನಕ್ಕ ಅವರಿಗೆ ಚೀಟಿ ಬರೆದಿಟ್ಟು, ಕುದಿಸಿದ ಸಿರಿಂಜು, ಎರಡು ಸೂಜಿ, ರಕ್ತ ನಿಲ್ಲಿಸುವ ಇಂಜೆಕ್ಷನ್ನು, ಒಂದು ಜೊತೆ ರಬ್ಬರ್ ಗವಸು, ಇಕ್ಕಳ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹತ್ತು ನಿಮಿಷದೊಳಗೆ ಗಾಡಿ ಹತ್ತಿದ್ದಳು. ಹದಿನೇಳು ವರ್ಷದ ಸರ್ವೀಸಿನಲ್ಲಿ ಅವಳು ಎತ್ತಿನ ಬಂಡಿ ಹತ್ತಿದ್ದಳು, ಕಬ್ಬಿನ ಲಾರಿ ಹತ್ತಿದ್ದಳು, ಒಮ್ಮೆ ಹಗರಿ ಹೊಳೆಯನ್ನು ಎಮ್ಮೆಯ ಬಾಲ ಹಿಡಿದು ದಾಟಿದ್ದಳು. ಮೋಟಾರ್ ಸೈಕಲ್ ಇದೇ ಮೊದಲು.

ಗಿರಣಿ ಮುಟ್ಟಿದಾಗ ಅವಳ ಕೈಗಡಿಯಾರದಲ್ಲಿ ಎರಡು ಮೂವತ್ತೈದು.

ದೊಡ್ಡಬೀರಪ್ಪ ಐವತ್ತರ ಮನುಷ್ಯ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿತ್ತು. ವಿಷಯ ಕೇಳಿದ ಕೂಡಲೇ ಬೆಲ್ಟು ಬಿಚ್ಚಿ ಎಂಜಿನ್ ನಿಲ್ಲಿಸಿದ. ಒಳಗೆ ಹೋಗಿ ಬೂಚು ಹಾಕಿದ ಬಾಟ್ಲಿ ತಂದ. “ಇದ ಇರೋದು. ಮುಕ್ಕಾಲು ಬಾಟ್ಲಿ. ಹಟ್ಟಿ ಮುಟ್ಟಾಕ ಬೇಕಾದಷ್ಟಾತು. ತಗಿ ಮುಚ್ಚಳ.”

ಹುಲುಗಣ್ಣ ಕೀಲಿ ಹಾಕಿದ. ಅದು ಅರ್ಧ ಹೋಗಿ ನಿಂತಿತು. ತೆಗೆದು, ಊದಿ, ಮತ್ತೆ ಹಾಕಿದ. ಒತ್ತಿದಾಗ ಕರಕರ ಅನ್ನುತ್ತ ಪೂರ್ತಿ ಒಳಗೆ ಹೋಯಿತು. ತಿರುವಿದ. ತಿರುಗಲಿಲ್ಲ. ಐದು ತಿಂಗಳ ಕೊಟ್ಟಿಗೆಯ ಧೂಳು, ಸಗಣಿಯ ಹಸಿ, ಎಲ್ಲ ಸೇರಿ ಬೀಗದೊಳಗೆ ಕಲ್ಲಾಗಿತ್ತು.

“ಎಣ್ಣಿ ಹಾಕು,” ಅಂದ ದೊಡ್ಡಬೀರಪ್ಪ. ಸೀಮೆಎಣ್ಣೆಯ ಡಬ್ಬಿಯಿಂದ ಬಟ್ಟೆ ಅದ್ದಿ ಹಿಂಡಿದರು. ಎಣ್ಣೆ ಕೀಲಿಯ ಸುತ್ತ ನಿಂತು ಟಾಕಿಯ ಮೇಲೆ ಹರಿದು ಹೋಯಿತೇ ಹೊರತು ಒಳಗಿಳಿಯಲಿಲ್ಲ.

“ಪಕ್ಕಡ ಐತೇನ್ರಿ?” ಎಂದ ಹುಲುಗಣ್ಣ.

“ಬ್ಯಾಡಪ್ಪ, ಸಾವಕಾಶ. ಕೀಲಿ ಹಿತ್ತಾಳಿದು.”

ಸಾವಕಾಶ ಅನ್ನುವ ಮಾತು ಹುಲುಗಣ್ಣನ ಕಿವಿಗೆ ಬೀಳಲಿಲ್ಲ. ಅವನ ಕಣ್ಣ ಮುಂದೆ ಮೂರನೇ ಸೀರೆ ಇತ್ತು. ಎಂಜಿನ್ ಪಕ್ಕದಲ್ಲಿ ಬಿದ್ದಿದ್ದ ಪಕ್ಕಡವನ್ನು ತಾನೇ ಎತ್ತಿಕೊಂಡು ಬಂದು ಕೀಲಿಯ ತಲೆಯನ್ನು ಕಚ್ಚಿ ಹಿಡಿದು ತಿರುವಿದ.

ಟಕ್ ಅಂತ ಸಣ್ಣ ಸದ್ದು. ಕೀಲಿಯ ತಲೆ ಪಕ್ಕಡದ ಬಾಯಲ್ಲಿತ್ತು. ಉಳಿದದ್ದು ಬೀಗದೊಳಗೆ.

ಜೋಳ ಬೀಸಿಸಲು ಬಂದು ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಬೀಡಿ ಕೈಯಲ್ಲಿ ಹಿಡಿದು ಎದ್ದು ನಿಂತ. ಹುಲುಗಣ್ಣ ಪಕ್ಕಡವನ್ನು ನೋಡಿದ, ಮುಚ್ಚಳವನ್ನು ನೋಡಿದ. ಆಮೇಲೆ ಗಿರಣಿಯೊಳಗೆ ನುಗ್ಗಿ, ಸವೆದ ಬೀಸುವ ಕಲ್ಲಿಗೆ ಮುಳ್ಳು ಹೊಡೆಯುವ ಉಳಿ, ಸುತ್ತಿಗೆ ಎರಡನ್ನೂ ಹಿಡಿದು ಬಂದ.

ದೊಡ್ಡಬೀರಪ್ಪ ಗಾಡಿಗೆ ಅಡ್ಡ ನಿಂತ.

“ಸರೀರಿ.”

“ಸರಿಯಂಗಿಲ್ಲ. ಏನ್ ಮಾಡಾಕ ಹೊಂಟಿ?”

“ಮುಚ್ಚಳ ಒಡೀತೀನಿ. ನಾಳಿ ಸಾಹೇಬ್ರಿಗೆ ಹೊಸಾದು ಹಾಕ್ಸಿ ಕೊಡ್ತೀನಿ. ಸರೀರಿ!”

“ಮುಚ್ಚಳದ ಮಾತಲ್ಲ ಲೇ ಇದು. ಕಬ್ಬಿಣಕ್ಕ ಕಬ್ಬಿಣ ಬಿದ್ರ ಕಿಡಿ ಏಳತೈತಿ. ಟಾಕಿ ಖಾಲಿ ಐತಿ ಅಂತಿ. ತುಂಬಿದ ಟಾಕಿಗಿಂತ ಖಾಲಿ ಟಾಕಿನ ಕೆಟ್ಟದ್ದು. ಒಳಗ ಪೂರಾ ಹವಾ ತುಂಬಿರತೈತಿ, ಪೆಟ್ರೋಲ್ ಹವಾ. ಇಲ್ಲಿ ನೋಡು.” ಅವನು ಎಡಗಿವಿಯನ್ನು ಮುಂದಕ್ಕೆ ಮಡಿಸಿ ತೋರಿಸಿದ. ಕಿವಿಯ ಹಿಂದಿನಿಂದ ಕತ್ತಿನವರೆಗೆ ಚರ್ಮ ಸುಕ್ಕಾಗಿ ಮಿರುಗುತ್ತಿತ್ತು. “ಖಾಲಿ ಡಬ್ಬಿ. ಬರೀ ಖಾಲಿ ಡಬ್ಬಿ. ಬಾಯಿ ಅಗಲ ಮಾಡಾಕ ಹೋಗಿದ್ನಿ, ಇದ ಉಳಿ ಹಿಡ್ಕೊಂಡು.”

“ನಾನ ಸತ್ರ ಸಾಯ್ತೀನಿ, ನೀವು ದೂರ ನಿಂದರ್ರಿ.”

“ನೀ ಸತ್ತು ಗಾಡಿ ಸುಟ್ರ ನರ್ಸಕ್ಕ ಹಟ್ಟಿಗೆ ಹ್ಯಾಂಗ ಹೋಗ್ತಾಳ?”

ಹುಲುಗಣ್ಣನ ಸುತ್ತಿಗೆ ಹಿಡಿದ ಕೈ ಕೆಳಗೆ ಬಂತು.

ಅಂಜಿನಕ್ಕ ಅಷ್ಟು ಹೊತ್ತೂ ಬೇವಿನ ಮರದ ಕೆಳಗೆ ನಿಂತು ಲೆಕ್ಕ ಹಾಕುತ್ತಿದ್ದಳು. ನಡೆದರೆ ಐದು ಮೈಲಿಗೆ ಒಂದೂಮುಕ್ಕಾಲು ತಾಸು. ಹೊತ್ತು ಮುಳುಗುವ ಮೊದಲು ಮುಟ್ಟಬಹುದು. ಆದರೆ ಇಲ್ಲಿ ಕಳೆಯುವ ಒಂದೊಂದು ನಿಮಿಷವೂ ಆ ನಡಿಗೆಯಿಂದ ಕಳೆದದ್ದು. ಗಾಡಿ ಹೊರಟಿತೆಂದರೆ ಇಪ್ಪತ್ತೈದು ನಿಮಿಷದ ದಾರಿ. ಈಗಲೇ ಹೊರಟು, ಬೆನ್ನ ಹಿಂದೆ ಮುಚ್ಚಳ ತೆರೆದರೆ ಇವನು ದಾರಿಯಲ್ಲಿ ಹತ್ತಿಸಿಕೊಳ್ಳಬಹುದು. ಅದೇ ಸರಿ ಅನ್ನಿಸಿತು.

“ಸೈಕಲ್ ಏನಾರ ಐತೇನಪ್ಪ?”

“ತಮ್ಮ ಹಾಕ್ಕೊಂಡು ಕೊಟ್ಟೂರಿಗೆ ಹೋಗ್ಯಾನ ನರ್ಸಕ್ಕ. ಸಂಜಿಗೆ ಬರೋದು.” ದೊಡ್ಡಬೀರಪ್ಪ ಗಾಡಿಯ ಬಗಲಿಗೆ ಕುಕ್ಕರುಗಾಲಿನಲ್ಲಿ ಕೂತು ಟಾಕಿಯ ಕೆಳಗೆ ನೋಡುತ್ತಿದ್ದ. “ಒಂದ ನೋಡಬಹುದು. ಟಾಕಿ ಬಿಟ್ಟು, ಈ ಪೈಪಿಗೇ ನೇರ ಬಾಟ್ಲಿ ಹಿಡಿದ್ರ?”

ಪೈಪನ್ನು ಟಾಕಿಯ ನಲ್ಲಿಯಿಂದ ಎಳೆದರು. ಗೇಣುದ್ದದ ಹಳೆಯ ರಬ್ಬರು, ಬಿಸಿಲಿಗೆ ಕೋಲಿನಂತೆ ಸೆಟೆದಿತ್ತು. ಬಾಟ್ಲಿಯ ಬಾಯಿಗೆ ಬಟ್ಟೆ ಸುತ್ತಿ, ಬಟ್ಟೆಯ ನಡುವೆ ಪೈಪು ತೂರಿಸಿ, ಹುಲುಗಣ್ಣ ಬಾಟ್ಲಿಯನ್ನು ಮೆಲ್ಲಗೆ ಬೋರಲು ಮಾಡಿದ. ಒಂದು ಕ್ಷಣ ಎಲ್ಲ ಸರಿ ಇತ್ತು. ಆಮೇಲೆ ನೆನೆದ ಬಟ್ಟೆ ಜಾರಿತು. ಬುಳುಬುಳು ಅಂತ ಪೆಟ್ರೋಲು ಇನ್ನೂ ಬಿಸಿ ಆರದ ಎಂಜಿನ್ ಮೇಲೆ, ಸೈಲೆನ್ಸರ್ ಮೇಲೆ ಸುರಿಯಿತು. ಸುಯ್ಯೆಂದು ಹಬೆ ಎದ್ದಿತು.

“ಬೀಡಿ! ಬೀಡಿ ಒಗೀರಿ ಆಕಡಿ!” ದೊಡ್ಡಬೀರಪ್ಪ ಕಿರುಚಿದ. ಮುದುಕ ಗಾಬರಿಯಲ್ಲಿ ಬೀಡಿಯನ್ನು ಕೆಳಗೆ ಹಾಕಿ, ಬರಿಗಾಲಿನಿಂದಲೇ ತುಳಿದು, ಹಿಂದೆ ಹಿಂದೆ ಸರಿದ. ಕಟ್ಟೆಯ ಮೇಲಿದ್ದ ಹೆಂಗಸೊಬ್ಬಳು ಹಿಟ್ಟಿನ ಬುಟ್ಟಿ ಎತ್ತಿ ಎರಚಲು ಬಂದಳು.

“ಹಿಟ್ಟು ಬ್ಯಾಡ! ಹಿಟ್ಟೂ ಹತ್ಕೋತೈತಿ! ಮಣ್ಣು, ಮಣ್ಣು ತಗೋ!”

ಹಬೆ ಕರಗುವವರೆಗೂ ಎಲ್ಲರೂ ಹಿಡಿ ಹಿಡಿ ಮಣ್ಣು ಹಿಡಿದು ಉಸಿರು ಕಟ್ಟಿ ನಿಂತಿದ್ದರು. ಬೆಂಕಿ ಏಳಲಿಲ್ಲ. ಬಾಟ್ಲಿಯಲ್ಲಿ ಈಗ ಕಾಲು ಭಾಗ ಉಳಿದಿತ್ತು.

“ಇಷ್ಟು ಸಾಲತೈತೇನು?” ಅಂಜಿನಕ್ಕ ಕೇಳಿದಳು.

“ಸಾಲಬಹುದು,” ಅಂದ ದೊಡ್ಡಬೀರಪ್ಪ. “ಟಾಕಿಯೊಳಗ ಬಿದ್ರ ಸಾಲತೈತಿ. ಇನ್ನೊಮ್ಮೆ ಚೆಲ್ಲಿದ್ರ ಇಲ್ಲ.”

ಎರಡು ಐವತ್ತೆರಡು. ಅಂಜಿನಕ್ಕ ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡಳು. “ನಾನು ನಡದ ಹೊಂಡತೀನಿ. ತೆರೆದ್ರ ದಾರ್ಯಾಗ ಹತ್ತಿಸ್ಕೋ.”

ಹುಲುಗಣ್ಣ ತಲೆ ಎತ್ತಲಿಲ್ಲ. ಅವನು ಟಾಕಿಯ ಮೇಲೆ ಬಗ್ಗಿ, ಎಲ್ಲಿಂದಲೋ ಸಿಕ್ಕ ತಂತಿ ಮೊಳೆಯಿಂದ ಮುರಿದ ಕೀಲಿಯನ್ನು ಕೆದಕುತ್ತಿದ್ದ. ಅಳುತ್ತಿದ್ದ, ಕಣ್ಣೀರು ಮೂಗಿನ ತುದಿಯಿಂದ ಮುಚ್ಚಳದ ಮೇಲೆ ಬೀಳುತ್ತಿತ್ತು. “ಬಾರಲೇ... ಬಾರಲೇ ಮುಂಡೇದ...” ಅನ್ನುತ್ತ ಮೊಳೆಯನ್ನು ಒತ್ತುತ್ತಿದ್ದ. ಅವನು ಒತ್ತಿದಷ್ಟೂ ಕೀಲಿಯ ತುಂಡು ಒಳಕ್ಕೆ ಹೋಗುತ್ತಿತ್ತು.

ನಾಲ್ಕು ಹೆಜ್ಜೆ ಹೋಗಿದ್ದ ಅಂಜಿನಕ್ಕ ತಿರುಗಿ ನೋಡಿದಳು. ಆ ಕೈಗಳನ್ನು ಕಂಡದ್ದೇ ಅವಳಿಗೆ ಸಿಟ್ಟು ನೆತ್ತಿಗೇರಿತು. ಕಾಯಲಾರದೆ ಒತ್ತಿ ಎಳೆಯುವ ಇಂಥ ಕೈಗಳನ್ನು ಅವಳು ಎಷ್ಟೋ ಹೆರಿಗೆ ಮನೆಯ ಕತ್ತಲೆ ಮೂಲೆಯಲ್ಲಿ ನೋಡಿದ್ದಳು.

“ತಗೀ ಕೈ!”

ಅವನು ಬೆಚ್ಚಿ ಹಿಂದೆ ಸರಿದ. ಅವಳು ಬಗ್ಗಿ ಬೀಗದ ಬಾಯಿ ನೋಡಿದಳು. ಕೀಲಿಯ ಮುರಿದ ಅಂಚು ಅಕ್ಕಿಕಾಳಿನ ದಪ್ಪದಷ್ಟು ಒಳಗೆ ಹೊಳೆಯುತ್ತಿತ್ತು. ಬೆರಳಿಗೆ ಸಿಗುವುದಿಲ್ಲ. ಪಕ್ಕಡದ ಬಾಯಿ ತೂರುವುದಿಲ್ಲ. ಅವಳ ಚೀಲದಲ್ಲಿದ್ದ ಇಕ್ಕಳದ ತುದಿ ಮಾತ್ರ ತೂರಬಹುದು. ಕಡಿದ ರಕ್ತನಾಳವನ್ನು ಕಚ್ಚಿ ಹಿಡಿಯುವ ಇಕ್ಕಳ ಅದು, ಹಲ್ಲು ಇರುವೆಯ ಹಲ್ಲಿನಂಥದ್ದು.

ಚೀಲ ಬಿಚ್ಚಿದಳು. ಮೊದಲು ಇಕ್ಕಳ ತೆಗೆದಳು. ಅದನ್ನು ಹಟ್ಟಿಯಲ್ಲಿ ಮತ್ತೆ ತೊಳೆದು ಕುದಿಸಬಹುದು. ಆದರೆ ಒಣ ಬೀಗದಲ್ಲಿ ಎಳೆದರೆ ತುಂಡು ಬರುವುದಿಲ್ಲ. ಎಣ್ಣೆ ಒಳಗಿಳಿಯಬೇಕು, ತುಂಡಿನ ಆಚೆಗೆ. ಬಟ್ಟೆ ಹಿಂಡಿದರೆ ಆಗದು. ಅವಳ ಕಣ್ಣು ಸೂಜಿಯ ಡಬ್ಬಿಯ ಮೇಲೆ ನಿಂತಿತು.

ಇರುವುದು ಎರಡು ಸೂಜಿ. ಸೀಮೆಎಣ್ಣೆ ಕಂಡ ಸೂಜಿ ಮತ್ತೆ ಮನುಷ್ಯರ ಮೈಗೆ ಬರುವುದಿಲ್ಲ, ಎಷ್ಟು ಕುದಿಸಿದರೂ ಅವಳಿಗೆ ಧೈರ್ಯ ಬಾರದು. ಒಂದನ್ನು ಇಲ್ಲಿ ಕಳೆದರೆ ಎರ್ರೆಮ್ಮನಿಗೆ ಉಳಿಯುವುದು ಒಂದೇ. ಅದು ಬಾಗಿದರೆ, ಕಟ್ಟಿಕೊಂಡರೆ, ಕೈ ಜಾರಿ ನೆಲಕ್ಕೆ ಬಿದ್ದರೆ, ಅಲ್ಲಿಗೆ ಮುಗಿಯಿತು. ಸಿರಿಂಜನ್ನಂತೂ ಮುಟ್ಟಿಸುವ ಹಾಗೇ ಇಲ್ಲ.

“ದೊಡ್ಡಬೀರಪ್ಪ, ಪೆನ್ನಿಗೆ ಮಸಿ ಹಾಕೋ ಫಿಲ್ಲರ್ ಐತೇನು?”

“ಫಿಲ್ಲರ್ರೇ?”

“ಗಾಜಿನ ಕೊಳವಿ, ಮ್ಯಾಲ ರಬ್ಬರ್ ಬುರುಡಿ ಇರತೈತಲ್ಲ. ಲಗೂನ.”

ಅವನು ಒಳಗಿನ ಗೂಡಿನಿಂದ ತಂದುಕೊಟ್ಟ. ಅಂಜಿನಕ್ಕ ರಬ್ಬರ್ ಬುರುಡೆಯನ್ನು ಗಾಜಿನಿಂದ ಕಿತ್ತು ತೊಳೆದಳು. ಬುರುಡೆಯನ್ನು ಒತ್ತಿ ಸೀಮೆಎಣ್ಣೆ ತುಂಬಿಸಿ, ಅದರ ಬಾಯನ್ನು ಸೂಜಿಯ ಹಿಂಭಾಗಕ್ಕೆ ಬಿಗಿಯಾಗಿ ಏರಿಸಿದಳು. ಹಾಗೆ ಏರಿಸುವಾಗ ಅವಳ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಸೂಜಿಯ ಮೊನೆಯನ್ನು ಕೀಲಿಯ ತುಂಡಿನ ಪಕ್ಕದ ಸಂದಿಗೆ ಇಳಿಸಿ, ಬೆರಳಿನಿಂದ ಬುರುಡೆ ಒತ್ತಿದಳು.

ಎಣ್ಣೆ ಹೊರಗೆ ಬರಲಿಲ್ಲ. ಒಳಗಿಳಿಯಿತು.

ಎರಡನೇ ಸಲ ತುಂಬಿಸಿದಳು. ಮೂರನೇ ಸಲಕ್ಕೆ ಬೀಗದ ಬಾಯಿಂದ ಕಂದು ಬಣ್ಣದ ರಾಡಿ ಉಕ್ಕಿತು. ಅವಳು ಅದನ್ನು ಹತ್ತಿಯಿಂದ ಒರೆಸಿದಳು, ಮತ್ತೆ ಒತ್ತಿದಳು. ರಾಡಿ ತೆಳುವಾಗುತ್ತ ಬಂತು.

“ಕಟ್ಟಿಗಿ ಕೊಡ್ರಿ. ಕಬ್ಬಿಣ ಬ್ಯಾಡ.”

ದೊಡ್ಡಬೀರಪ್ಪ ಖಾರ ಕುಟ್ಟುವ ಸಣ್ಣ ಒನಕೆ ಕೊಟ್ಟ. ಅಂಜಿನಕ್ಕ ಮುಚ್ಚಳದ ಸುತ್ತ ಮೆಲ್ಲಗೆ ತಟ್ಟಿದಳು, ಹಸುಗೂಸಿನ ಬೆನ್ನು ತಟ್ಟಿದ ಹಾಗೆ. ತಟ್ಟಿ ನಿಲ್ಲಿಸಿದಳು.

“ಇನ್ನ ಏನ್ರಿ?” ಹುಲುಗಣ್ಣ ಕೇಳಿದ.

“ಸುಮ್ಕಿರೋದು.”

“ಸುಮ್ಕಿರೋದಾ!”

“ಐದು ನಿಮಿಷ. ಎಣ್ಣಿ ತನ್ನ ಕೆಲ್ಸ ತಾನು ಮಾಡತೈತಿ.”

ಆ ಐದು ನಿಮಿಷ ಅವಳಿಗೂ ಸುಲಭವಿರಲಿಲ್ಲ. ಕೈಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ನಿಂತಳು. ಇಷ್ಟು ಹೊತ್ತಿಗೆ ನಡೆದಿದ್ದರೆ ಒಂದು ಮೈಲಿ ಆಗುತ್ತಿತ್ತು. ತೆರೆಯದಿದ್ದರೆ ಆ ಮೈಲಿಯ ಪಾಪ ತನ್ನದೇ. ಹುಲುಗಣ್ಣ ಗಿರಣಿಯ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಮುದುಕ ಬಾಯಲ್ಲೇ ಏನನ್ನೋ ಜಪಿಸುತ್ತಿದ್ದ. ಬೇವಿನ ಮರದಲ್ಲಿ ಅಳಿಲೊಂದು ಚೀರುತ್ತಲೇ ಇತ್ತು.

ಮೂರು ಗಂಟೆ ಎಂಟು ನಿಮಿಷಕ್ಕೆ ಅವಳು ಇಕ್ಕಳ ಎತ್ತಿಕೊಂಡಳು. ಮೊದಲ ಸಲ ತುದಿ ಜಾರಿತು. ಎರಡನೇ ಸಲ ಹಿಡಿಯಿತು, ಕೂದಲೆಳೆಯಷ್ಟು ಎಳೆದ ಮೇಲೆ ಮತ್ತೆ ಜಾರಿತು. ಅವಳು ಇಕ್ಕಳ ಒರೆಸಿ, ಬೆರಳು ಸೆರಗಿಗೆ ಒರೆಸಿ, ಉಸಿರು ಬಿಟ್ಟು, ಮೂರನೇ ಸಲ ಇಳಿಸಿದಳು. ಹಲ್ಲು ಕಚ್ಚಿದ್ದು ಕೈಗೆ ಗೊತ್ತಾಯಿತು. ಹಿಡಿಯನ್ನು ಬಿಗಿ ಮಾಡಿ, ಎಳೆಯದೆ, ಅತ್ತಿತ್ತ ಇಷ್ಟಿಷ್ಟೇ ಅಲುಗಿಸಿದಳು. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯಿತು; ಒರೆಸಿಕೊಳ್ಳಲು ಕೈ ಇರಲಿಲ್ಲ. ಹುಲುಗಣ್ಣ ತನ್ನ ಟವಲ್ಲಿನಿಂದ ಅವಳ ಹಣೆ ಒರೆಸಿದ. ಬೇರೆ ದಿನವಾಗಿದ್ದರೆ ಅವನು ಅವಳನ್ನು ಮುಟ್ಟುವ ಧೈರ್ಯ ಮಾಡುತ್ತಿರಲಿಲ್ಲ.

ತುಂಡು ಹೊರಗೆ ಬಂತು.

ಹುಲುಗಣ್ಣ ಕೂಗು ಹಾಕಿದ. “ಇನ್ನೂ ತೆರೆದಿಲ್ಲೋ ಮಾರಾಯ,” ಅಂದ ದೊಡ್ಡಬೀರಪ್ಪ. ಅದು ನಿಜ. ತುಂಡು ಬಂದಿತ್ತು, ಬೀಗ ಹಾಗೇ ಇತ್ತು, ಕೀಲಿಗೆ ತಲೆ ಇರಲಿಲ್ಲ.

ಈಗ ದೊಡ್ಡಬೀರಪ್ಪನ ಸರದಿ. ಅವನು ತುಂಡನ್ನು ಅಂಗೈಯಲ್ಲಿಟ್ಟು ತಿರುವಿ ನೋಡಿದ. “ಹಲ್ಲು ಪೂರಾ ಇದರಾಗ ಅದಾವ. ಇದನ್ನ ವಾಪಸ್ ಒಳಗಿಟ್ಟು, ಹಿಂದಿಂದ ಚಪ್ಪಟಿ ಸ್ಕ್ರೂಡ್ರೈವರ್ ಹಾಕಿ ತಿರುವಿದ್ರ, ಕೀಲಿ ಅಂತನ ತಿಳ್ಕೊತೈತಿ ಬೀಗ.” ಎಂಜಿನ್ನಿನ ಸಣ್ಣ ಸ್ಕ್ರೂಡ್ರೈವರ್ ತಂದ. ಅಂಜಿನಕ್ಕ ಇಕ್ಕಳದಿಂದ ತುಂಡನ್ನು ಬೀಗದೊಳಗಿಟ್ಟಳು. ಈ ಸಲ ಅದು ಕರಕರ ಅನ್ನಲಿಲ್ಲ. ದೊಡ್ಡಬೀರಪ್ಪ ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಪೂರ್ತಿ ಒಳಕ್ಕೆ ಒತ್ತಿ, ಹುಲುಗಣ್ಣನ ಕಡೆ ನೋಡಿದ.

“ನಿನ್ನ ಗಾಡಿ. ನೀ ತಿರುವು.”

“ನಾನು ಮತ್ತ ಮುರದ್ರ?”

“ಮುರಿಯಂಗಿಲ್ಲ. ಜೋರು ಮಾಡಬ್ಯಾಡ ಅಷ್ಟ.”

ಹುಲುಗಣ್ಣ ಸ್ಕ್ರೂಡ್ರೈವರ್ ಹಿಡಿದ. ಬಲಕ್ಕೆ ಒಂದಿಷ್ಟು. ನಿಂತಿತು. ಅವನ ತೋಳಿನ ನರ ಉಬ್ಬಿದ್ದನ್ನು ಕಂಡು ಅಂಜಿನಕ್ಕ ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. “ಹಿಂದಕ್ಕ ತಾ. ಹಾಂ. ಮತ್ತ ಮುಂದಕ್ಕ. ಅದು ಬಿಟ್ಟಷ್ಟ ಹೋಗು.” ಅವನು ಹಿಂದಕ್ಕೆ ತಂದ, ಮುಂದಕ್ಕೆ ಒಯ್ದ. ಹತ್ತು ಸಲ, ಹನ್ನೆರಡು ಸಲ. ಒಂದೊಂದು ಸಲವೂ ಎಳ್ಳಿನಷ್ಟು ಹೆಚ್ಚು ತಿರುಗಿತು. ಎಲ್ಲಿಯೋ ಒಳಗೆ ಏನೋ ಸಡಿಲಾದ ಹಾಗೆ ಆಯಿತು, ಸ್ಕ್ರೂಡ್ರೈವರ್ ಒಮ್ಮೆಲೇ ಕಾಲು ಸುತ್ತು ಹೋಯಿತು.

ಮುಚ್ಚಳ ಹಿಡಿದು ತಿರುವಿದ. ಟಾಕಿ ಉಸ್ಸೆಂದು ಉಸಿರು ಬಿಟ್ಟಿತು. ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯಿತು.

ದೊಡ್ಡಬೀರಪ್ಪ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಲಾಳಿಕೆ ಮಾಡಿ ಹಿಡಿದ. ಹುಲುಗಣ್ಣ ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಹನಿಯೂ ಚೆಲ್ಲದಂತೆ ಬಗ್ಗಿಸಿದ. ಪೈಪು ಮತ್ತೆ ಏರಿಸಿದರು. ಮುಚ್ಚಳವನ್ನು ಬೀಗವಿಲ್ಲದೆ ಇಟ್ಟು ಮೇಲೆ ಟವಲ್ಲು ಬಿಗಿದರು. ಎಂಜಿನ್ ಮೇಲೆ ಚೆಲ್ಲಿದ್ದು ಪೂರ್ತಿ ಆರಿದೆಯೇ ಎಂದು ದೊಡ್ಡಬೀರಪ್ಪ ಕೈಯಾಡಿಸಿ, ಮೂಸಿ ನೋಡಿ, “ಒದಿ” ಅಂದ. ನಾಲ್ಕನೇ ಒದೆತಕ್ಕೆ ಗಾಡಿ ಎದ್ದಿತು.

ಆಗ ಮೂರು ಇಪ್ಪತ್ತೈದು.

ಹಟ್ಟಿಯ ದಾರಿಯುದ್ದಕ್ಕೂ ಅಂಜಿನಕ್ಕ ಬಲಗೈಯನ್ನು ಮೈಯಿಂದ ದೂರ ಹಿಡಿದಿದ್ದಳು. ಸೀಮೆಎಣ್ಣೆಯ ವಾಸನೆ ಉಗುರಿನೊಳಗೆ ಕೂತಿತ್ತು. ಕೊನೆಯ ಏರಿನಲ್ಲಿ ಗಾಡಿ ಮತ್ತೆ ಕೆಮ್ಮಿತು. ಹುಲುಗಣ್ಣ ಗಾಡಿಯನ್ನು ಎಡಕ್ಕೆ ವಾಲಿಸಿ, ತಳದಲ್ಲಿ ಉಳಿದ ಗುಟುಕನ್ನೂ ಹರಿಸಿ, ಹಟ್ಟಿಯ ಬಾಯಿಗೆ ತಂದು ನಿಲ್ಲಿಸಿದ.

ಎರ್ರೆಮ್ಮನ ಮುಖ ಒಲೆಯ ಬೂದಿಯ ಬಣ್ಣಕ್ಕೆ ಬಂದಿತ್ತು. ಐದನೇ ಸೀರೆ. ನಾಡಿ ಓಡುತ್ತಿತ್ತು, ದಾರದಷ್ಟು ಸಣ್ಣಗೆ. “ಎರ್ರೆಮ್ಮಾ, ಎರ್ರೆಮ್ಮಾ” ಎಂದರೆ ರೆಪ್ಪೆ ಅಲುಗಿತು, ತೆರೆಯಲಿಲ್ಲ. ಅಂಜಿನಕ್ಕ ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದಳು. ಉಳಿದ ಒಂದು ಸೂಜಿಯನ್ನು ಸಿರಿಂಜಿಗೆ ಏರಿಸುವಾಗ ಓಬಮ್ಮನಿಗೆ ಚಿಮಣಿ ದೀಪ ಹತ್ತಿರ ಹಿಡಿಯಲು ಹೇಳಿ, ತಾನು ಗೋಡೆಗೆ ಬೆನ್ನು ಕೊಟ್ಟು ಕೂತಳು, ಕೈ ಅಲುಗದಿರಲೆಂದು. ಔಷಧ ಏರಿತು. ಸೂಜಿ ತೊಡೆಯೊಳಗೆ ನೆಟ್ಟಗೆ ಇಳಿಯಿತು, ನೆಟ್ಟಗೆ ಹೊರಗೆ ಬಂತು.

ಆಮೇಲೆ ಗವಸು ಹಾಕಿಕೊಂಡು, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು ಕಾದಳು. ಓಬಮ್ಮ ಹೊಕ್ಕಳುಬಳ್ಳಿಯ ಕಡೆಗೆ ಕೈ ಚಾಚಿದಾಗ, “ಮುಟ್ಟಬ್ಯಾಡ” ಅಂದಳು, ಅಷ್ಟೇ. ಏಳು ನಿಮಿಷ ಕಳೆಯಿತು. ಎಂಟನೆಯದಕ್ಕೆ ಹೊಟ್ಟೆ ಅವಳ ಅಂಗೈಯ ಕೆಳಗೆ ತೆಂಗಿನಕಾಯಿಯ ಹಾಗೆ ಗಟ್ಟಿಯಾಯಿತು. ಅವಳು ಮೇಲಿನ ಕೈಯಿಂದ ಹೊಟ್ಟೆಯನ್ನು ತಡೆದು, ಕೆಳಗಿನ ಕೈಯಿಂದ ಬಳ್ಳಿ ಹಿಡಿದು ಒಂದೇ ಸಮನೆ ಎಳೆದಳು. ಮಾಸು ಬಂತು. ಅದನ್ನು ತಟ್ಟೆಯಲ್ಲಿ ಹರಡಿ, ಅಂಚು ಅಂಚನ್ನು ಕೂಡಿಸಿ ನೋಡಿದಳು. ಪೂರ್ತಿ ಇತ್ತು.

ರಕ್ತ ನಿಲ್ಲಲು ಇನ್ನೂ ಅರ್ಧ ತಾಸು ಬೇಕಾಯಿತು. ಆ ಅರ್ಧ ತಾಸೂ ಅಂಜಿನಕ್ಕ ಹೊಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎರ್ರೆಮ್ಮ ಕಣ್ಣು ಬಿಟ್ಟು, “ನೀರು” ಅಂದಳು. ಹೊಸ್ತಿಲ ಹೊರಗೆ ಕೂತಿದ್ದ ಹುಲುಗಣ್ಣನಿಗೆ ಅದು ಕೇಳಿಸಿತು. ಅವನು ಕೂತಲ್ಲೇ ಮೊಣಕಾಲಿಗೆ ಮುಖ ಹುದುಗಿಸಿದ.

ಚೀಟಿ ನೋಡಿದ ಡಾಕ್ಟರ ಜೀಪು ಏಳು ಗಂಟೆಗೆ ಬಂತು. ಎರ್ರೆಮ್ಮನನ್ನೂ ಮಗುವನ್ನೂ ಹರಪನಹಳ್ಳಿಯ ಆಸ್ಪತ್ರೆಗೆ ಕರೆದೊಯ್ದರು. ಎರ್ರೆಮ್ಮ ಅಲ್ಲಿ ಹದಿನೆಂಟು ದಿನ ಇದ್ದಳು. ಇಬ್ಬರು ರಕ್ತ ಕೊಟ್ಟರು. ಒಬ್ಬ ಹುಲುಗಣ್ಣ, ಇನ್ನೊಬ್ಬ ಅವನ ಗ್ಯಾಂಗಿನ ಮೇಸ್ತ್ರಿ ಜೋಗಪ್ಪ. ಅವಳು ಬದುಕಿದಳು. ಆದರೆ ಹೊಲದ ಕೆಲಸಕ್ಕೆ ಹೋಗುವ ಶಕ್ತಿ ಬರಲು ಒಂದು ವರ್ಷ ಹಿಡಿಯಿತು.

ಜೀಪು ಹೊರಡುವ ಮೊದಲು ಓಬಮ್ಮ ಅಂಜಿನಕ್ಕನನ್ನು ಹಿತ್ತಲಿಗೆ ಕರೆದಿದ್ದಳು. ಸೆರಗಿನ ತುದಿ ಸುತ್ತುತ್ತ ನಿಂತಳು.

“ನಾನು ಬಳ್ಳಿ ಎಳದ್ನಿ,” ಅಂದಳು. “ಮುಂಜಾನಿ. ಬರಲಿಲ್ಲಂತ ಎಳದ್ನಿ. ಅದಾದ ಮ್ಯಾಲ ರಕ್ತ ಹೆಚ್ಚಾತು. ಯಾರಿಗೂ ಹೇಳಿಲ್ಲ.”

ಓಬಮ್ಮ ಬಳ್ಳಿಗೆ ಕೈ ಚಾಚಿದಾಗಲೇ ಅಂಜಿನಕ್ಕನಿಗೆ ಅದು ಗೊತ್ತಾಗಿತ್ತು. ಬೈಯಬೇಕೆಂದು ಬಾಯಿ ತೆರೆದಳು. ಚಿಮಣಿಯ ಬೆಳಕಿನಲ್ಲಿ ಓಬಮ್ಮನ ಬೆರಳುಗಳು ಕಂಡವು; ಆ ಹಟ್ಟಿಯ ಅರ್ಧ ಜನರನ್ನು ಭೂಮಿಗೆ ಇಳಿಸಿದ ಬೆರಳುಗಳು.

“ಸೋಮವಾರದಿಂದ ಅರಸೀಕೆರ್ಯಾಗ ಸೂಲಗಿತ್ತೇರಿಗೆ ಒಂದು ತಿಂಗಳ ಕಲಿಸೋದೈತಿ. ನಾನ ಕಲಿಸ್ತೀನಿ. ಬರ್ತೀಯಾ?”

“ನಂಗ ಅರವತ್ತಾತಲ್ಲವ್ವ. ಓದಾಕ ಬರಂಗಿಲ್ಲ.”

“ಓದೋದೇನಿಲ್ಲ. ನೋಡೋದು. ಸುಮ್ಕಿರೋದು ಯಾವಾಗಂತ ಕಲಿಯೋದು.”

ಓಬಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಸೋಮವಾರ ಹನ್ನೊಂದು ಗಂಟೆಗೆ, ಪಾಠ ಅರ್ಧ ಮುಗಿದ ಮೇಲೆ, ಸೊಂಟಕ್ಕೆ ರೊಟ್ಟಿಯ ಗಂಟು ಕಟ್ಟಿಕೊಂಡು ಅವಳು ಅರಸೀಕೆರೆಯ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಳು. ಕಾಲಿಗೆ ಮೊಣಕಾಲ ತನಕ ಧೂಳು.

“ನಿನ್ನಿ ಸಂಜಿ ಬಸ್ಸು ತಪ್ಪಿತು,” ಅಂದಳು. “ರಾತ್ರೆಲ್ಲ ನಡಕೊಂಡು ಬಂದ್ನಿ.”

ಅಂಜಿನಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದವರನ್ನು ಸರಿಸಿ, ಅವಳಿಗೆ ಜಾಗ ಮಾಡಿಕೊಟ್ಟು, ಪಾಠವನ್ನು ಮೊದಲಿನಿಂದ ಶುರು ಮಾಡಿದಳು.